ತಾಂಜಾನಿಯಾಕ್ಕೆ ಸ್ವಯಂಸೇವಕರಾಗಿ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

2022ರ ಜುಲೈನಿಂದ 2024ರ ಜೂನ್‌ವರೆಗೆ ನಾನು ತಾಂಜಾನಿಯಾದ ದಕ್ಷಿಣ ಕರಾವಳಿಯ ಲಿಂಡಿ ಎಂಬ ಊರಲ್ಲಿದ್ದೆ. ಅಲ್ಲಿನ ಹೈಸ್ಕೂಲು ಮೇಷ್ಟ್ರುಗಳ ಜೊತೆ ವಿಜ್ಞಾನ ಪಾಠದ ಕೆಲಸ. ಅದಕ್ಕೆ ಮುಂಚೆ ಕಾರ್ಕಳದ ಹತ್ತಿರ 11 ವರ್ಷ ಟೀಚರ್ ಆಗಿದ್ದೆ. ವಾಪಸ್ ಬಂದಾಗಿನಿಂದ ವಾರಕ್ಕೊಬ್ಬರಾದರೂ ಫೋನ್ ಮಾಡಿ ಅವೇ ಪ್ರಶ್ನೆ ಕೇಳುತ್ತಾರೆ. ಹೇಳಿ ಹೇಳಿ ಸಾಕಾಯಿತು, ಅದಕ್ಕೇ ಬರೆದಿಟ್ಟಿದ್ದೇನೆ. ಬೇರೆ ದೇಶಕ್ಕೆ ಹೊರಟವರಿಗೂ ಅರ್ಧಕ್ಕರ್ಧ ಉಪಯೋಗಕ್ಕೆ ಬರಬಹುದು.

ಸಂಬಳ ಎಷ್ಟು?

ಸಂಬಳ ಇಲ್ಲ. ಖರ್ಚಿಗೆ ಅಂತ ತಿಂಗಳಿಗೊಂದು ಭತ್ಯೆ ಕೊಡುತ್ತಾರೆ. ಊಟ, ಬಸ್ಸು, ಫೋನು, ಒಂದಿಷ್ಟು ತಿರುಗಾಟ, ಅಷ್ಟಕ್ಕೆ ಸಾಕು. ವಿಮಾನದ ಟಿಕೆಟ್, ಮನೆ, ವಿಮೆ ಸಾಮಾನ್ಯವಾಗಿ ಕಳಿಸುವ ಸಂಸ್ಥೆಯ ಲೆಕ್ಕಕ್ಕೆ. ಊರಲ್ಲಿ ಮನೆ ಸಾಲದ ಕಂತು ಇದ್ದರೆ ಈ ಭತ್ಯೆಯಲ್ಲಿ ಅದನ್ನು ಕಟ್ಟಲು ಆಗುವುದಿಲ್ಲ. ನಾನು ಎರಡು ವರ್ಷ ಮೊದಲೇ ಚೀಟಿ ಹಾಕಿ ದುಡ್ಡು ಕೂಡಿಸಿಟ್ಟಿದ್ದೆ. "ಫಾರಿನ್‌ಗೆ ಹೋಗಿ ಖಾಲಿ ಕೈಯಲ್ಲಿ ಬಂದವಳು ನೀನೊಬ್ಬಳೇ" ಅಂತ ದೊಡ್ಡಮ್ಮ ಈಗಲೂ ನಗುತ್ತಾರೆ.

ಯಾರ ಮೂಲಕ ಹೋಗುವುದು?

ದಾರಿ ಹಲವು ಇವೆ. ವಿಶ್ವಸಂಸ್ಥೆಯದ್ದೇ ಒಂದು ಸ್ವಯಂಸೇವಕರ ವಿಭಾಗ ಇದೆ. 1970ರಲ್ಲಿ ಶುರುವಾದದ್ದು, ಮುಖ್ಯ ಕಚೇರಿ ಜರ್ಮನಿಯ ಬಾನ್‌ನಲ್ಲಿ. ಬ್ರಿಟನ್ನಿನ ವಿಎಸ್‌ಒ ಅನ್ನುವ ಸ್ವಯಂಸೇವಾ ಸಂಸ್ಥೆ 1958ರಿಂದ ಇದೆ. ಚರ್ಚು, ಮಠಗಳ ಮೂಲಕ ಹೋದವರೂ ಇದ್ದಾರೆ. ಯಾವುದೇ ಆಗಲಿ, ಒಂದು ಪರೀಕ್ಷೆ ಮಾಡಿ ನೋಡಿ: ನಿಮ್ಮ ಕೆಲಸ ಏನು, ಅದನ್ನು ಕೇಳಿದವರು ಯಾರು, ನೀವು ಹೋದ ಮೇಲೆ ಅದನ್ನು ಮುಂದುವರಿಸುವವರು ಯಾರು ಅಂತ ಅವರು ಹೇಳುತ್ತಾರಾ? "ಎಲ್ಲ ಅಲ್ಲಿಗೆ ಹೋದ ಮೇಲೆ ನೋಡೋಣ" ಅಂದರೆ ಸುಮ್ನೆ ಎದ್ದು ಬನ್ನಿ.

ಎರಡು ವಾರಕ್ಕೆ ಲಕ್ಷಗಟ್ಟಲೆ ಕಟ್ಟಿಸಿಕೊಂಡು "ಆಫ್ರಿಕಾದ ಅನಾಥ ಮಕ್ಕಳ ಸೇವೆ" ಅಂತ ಕರೆದುಕೊಂಡು ಹೋಗುವ ಕಂಪನಿಗಳಿವೆ. ದಯವಿಟ್ಟು ಹೋಗಬೇಡಿ. ಹದಿನೈದು ದಿನಕ್ಕೊಬ್ಬ ಹೊಸ ಅಕ್ಕ, ಹೊಸ ಅಣ್ಣ ಬಂದು ಎತ್ತಿ ಆಡಿಸಿ, ಫೋಟೊ ತೆಗೆಸಿಕೊಂಡು ಮಾಯವಾದರೆ ಆ ಮಗುವಿನ ಗತಿ ಏನು ಅಂತ ಯೋಚಿಸಿ. ಆ ದುಡ್ಡಲ್ಲಿ ಪ್ರವಾಸ ಮಾಡಿ, ಸಿಂಹ ನೋಡಿಕೊಂಡು ಬನ್ನಿ. ಅದರಲ್ಲಿ ತಪ್ಪೇನಿಲ್ಲ.

ವೀಸಾ?

ಪ್ರವಾಸಿ ವೀಸಾದಲ್ಲಿ ಹೋಗಿ ಸ್ವಯಂಸೇವೆ ಮಾಡುವ ಹಾಗಿಲ್ಲ, ಸಂಬಳ ಇಲ್ಲದಿದ್ದರೂ ಅದು ಕೆಲಸವೇ. ಸ್ವಯಂಸೇವಕರಿಗೆ ಸಿ ವರ್ಗದ ವಾಸದ ಪರವಾನಗಿ ಅಂತ ಬೇರೆಯೇ ಇದೆ. ಸಂಸ್ಥೆಯವರು ಮಾಡಿಸುತ್ತಾರೆ. ನೀವು ಮಾಡಬೇಕಾದ್ದು ಪೊಲೀಸ್ ಕ್ಲಿಯರೆನ್ಸ್, ಡಿಗ್ರಿ ಸರ್ಟಿಫಿಕೇಟು, ಫೋಟೊಗಳ ಒಂದು ಕಟ್ಟು, ಇವನ್ನು ತಿಂಗಳುಗಳ ಮೊದಲೇ ರೆಡಿ ಮಾಡಿಕೊಳ್ಳುವುದು. ನನ್ನ ಮಾರ್ಕ್ಸ್ ಕಾರ್ಡಿನಲ್ಲಿ ಅಪ್ಪನ ಹೆಸರಿನ ಇನಿಷಿಯಲ್ ಮುಂದೆ ಇದ್ದು ಪಾಸ್‌ಪೋರ್ಟಿನಲ್ಲಿ ಹಿಂದೆ ಇತ್ತು. ಅದೊಂದು ಅಕ್ಷರಕ್ಕೆ ಆರು ವಾರ ಹೋಯಿತು.

ಹೊರಡುವ ಮುಂಚೆ ಮರೆಯಲೇಬಾರದ ವಿಷಯ?

ಒಟಿಪಿ. ನಗಬೇಡಿ. ಬ್ಯಾಂಕು, ಆಧಾರ್, ಎಲ್‌ಐಸಿ, ಗ್ಯಾಸು, ಎಲ್ಲವೂ ನಿಮ್ಮ ಊರಿನ ಸಿಮ್‌ಗೆ ಅಂಟಿಕೊಂಡಿವೆ. ಸಿಮ್ ಸತ್ತರೆ ನೀವೂ ಸತ್ತ ಹಾಗೆ. ಆ ಸಿಮ್ ಜೀವಂತ ಇರುವಷ್ಟು ರೀಚಾರ್ಜ್ ಮಾಡಿಸುತ್ತಿರಿ, ರೋಮಿಂಗ್‌ನಲ್ಲಿ ಮೆಸೇಜು ಬರುವ ಹಾಗೆ ಮಾಡಿಸಿಕೊಂಡೇ ವಿಮಾನ ಹತ್ತಿ. ಎರಡು ಸಿಮ್ ಹಿಡಿಯುವ ಫೋನ್ ಇರಲಿ.

ಹಳದಿ ಜ್ವರದ ಲಸಿಕೆ ಹಾಕಿಸಿಕೊಳ್ಳಿ. ಹಾಕಿಸಿದ 10 ದಿನದ ಮೇಲೆಯೇ ಆ ಸರ್ಟಿಫಿಕೇಟು ನಡೆಯುವುದು, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಹೋಗುವಾಗ ಯಾರೂ ಕೇಳದಿರಬಹುದು, ಆದರೆ ಆಫ್ರಿಕಾದಲ್ಲಿ ಅಕ್ಕಪಕ್ಕದ ದೇಶಕ್ಕೆ ಓಡಾಡಿ ವಾಪಸ್ ಬರುವಾಗ ನಮ್ಮ ವಿಮಾನ ನಿಲ್ದಾಣದಲ್ಲೇ ಹಿಡಿದು ಕೂರಿಸಬಹುದು.

ಇನ್ನೊಂದು, ನಮ್ಮವರು ಸಿಕ್ಕಿಬೀಳುವುದೇ ಇಲ್ಲಿ. ತಾಂಜಾನಿಯಾದಲ್ಲಿ 2019ರ ಜೂನ್ 1ರಿಂದ ಪ್ಲಾಸ್ಟಿಕ್ ಕೈಚೀಲ ನಿಷೇಧ. ಅಮ್ಮ ಉಪ್ಪಿನಕಾಯಿ ಬಾಟಲಿಗೆ ನಾಲ್ಕು ಸುತ್ತು ಪ್ಲಾಸ್ಟಿಕ್ ಕವರ್ ಸುತ್ತಿ ಕೊಟ್ಟಿರುತ್ತಾರಲ್ಲ, ಅದನ್ನು ಬಿಚ್ಚಿ ಹಳೆ ಪಂಚೆ ಸುತ್ತಿ.

ಭಾಷೆ ಬರದಿದ್ದರೆ ಹೇಗೆ? ಇಂಗ್ಲಿಷ್ ಸಾಕಾಗುವುದಿಲ್ಲವೇ?

ಅಲ್ಲಿನ ದೊಡ್ಡ ಪಟ್ಟಣ ದಾರ್ ಎಸ್ ಸಲಾಂನಲ್ಲಿ ಸ್ವಲ್ಪ ನಡೆಯುತ್ತದೆ. ಲಿಂಡಿಯ ಮಾರ್ಕೆಟ್ಟಿನಲ್ಲಿ ನಡೆಯುವುದಿಲ್ಲ. ಸ್ವಾಹಿಲಿ ಕಲಿಯಿರಿ, ಕನ್ನಡದವರಿಗೆ ನಾಲಿಗೆ ಸುಲಭವಾಗಿ ಹೊರಳುತ್ತದೆ. ನಮ್ಮ ಹಾಗೇ ಹೆಚ್ಚಿನ ಪದ ಸ್ವರದಲ್ಲಿ ಮುಗಿಯುತ್ತದೆ, ಬರೆದ ಹಾಗೇ ಓದುತ್ತಾರೆ. ಗುಜರಾತಿ, ಹಿಂದಿಯಿಂದ ಹೋದ ಪದಗಳೂ ಇವೆ: ಚಾಯ್, ಚಪಾತಿ, ರಂಗಿ ಅಂದರೆ ಬಣ್ಣ, ದುಕಾ ಅಂದರೆ ಅಂಗಡಿ, ಬೀಮಾ ಅಂದರೆ ವಿಮೆ. ಆಟೊರಿಕ್ಷಾಕ್ಕೆ ಬಜಾಜಿ ಅನ್ನುತ್ತಾರೆ. ಔಷಧಿಗೆ ದಾವಾ. ಉತ್ತರ ಕರ್ನಾಟಕದಲ್ಲಿ ದವಾಖಾನೆ ಅಂದವರಿಗೆ ಇದನ್ನು ಹೇಳಿಕೊಡುವುದೇ ಬೇಡ.

ಗೊಂದಲ ಆಗುವುದು ನೆಂಟರ ಹೆಸರಲ್ಲಿ. ಮಾಮಾ ಅಂದರೆ ಅಮ್ಮ. ಕಾಕಾ ಅಂದರೆ ಅಣ್ಣ. ದಾದಾ ಅಂದರೆ ಅಕ್ಕ. ಬೀಬಿ ಅಂದರೆ ಅಜ್ಜಿ. ಮೊದಲ ವಾರ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹುಡುಗ ನನ್ನ ಬ್ಯಾಗ್ ಹಿಡಿದು "ದಾದಾ, ದಾದಾ" ಅಂತ ಕೂಗಿದಾಗ ಹಿಂದೆ ಯಾವ ರೌಡಿ ನಿಂತಿದ್ದಾನೆ ಅಂತ ತಿರುಗಿ ನೋಡಿದ್ದೆ.

ವ್ಯಾಕರಣ ಆಮೇಲೆ ಬರಲಿ, ಮೊದಲು ನಮಸ್ಕಾರ ಕಲಿಯಿರಿ. ನಿಮಗಿಂತ ದೊಡ್ಡವರು ಕಂಡರೆ "ಶಿಕಮೂ" ಅನ್ನಬೇಕು, ಅವರು "ಮರಹಬಾ" ಅನ್ನುತ್ತಾರೆ. ಅದಾದ ಮೇಲೆ ಹೇಗಿದ್ದೀರಿ, ಮನೆಯಲ್ಲಿ ಹೇಗಿದ್ದಾರೆ, ಕೆಲಸ ಹೇಗಿದೆ, ಬೆಳಿಗ್ಗೆ ಹೇಗಿತ್ತು, ಎಲ್ಲ ಮುಗಿದ ಮೇಲೆಯೇ "ಒಂದು ಕೆಜಿ ಟೊಮೆಟೊ ಕೊಡಿ". ನೇರವಾಗಿ ಟೊಮೆಟೊ ಕೇಳಿದರೆ ಕೊಡುತ್ತಾರೆ, ಆದರೆ ನಿಮ್ಮನ್ನು ಸಂಸ್ಕಾರ ಇಲ್ಲದವರು ಅಂದುಕೊಳ್ಳುತ್ತಾರೆ. ನಮ್ಮ ಹಳ್ಳಿಯಲ್ಲೂ ಮೊದಲು ಹಾಗೇ ಇತ್ತು ಅಲ್ವಾ.

ನನಗೆ ತುಂಬಾ ಇಷ್ಟವಾದ ಪದ "ಪೋಲೆ". ನೀವು ಎಡವಿದರೆ ಪೋಲೆ, ಭಾರ ಹೊತ್ತಿದ್ದರೆ ಪೋಲೆ, ಪ್ರಯಾಣ ಮುಗಿಸಿ ಬಂದರೆ ಪೋಲೆ, ಸುಮ್ನೆ ಕೆಲಸ ಮಾಡುತ್ತಾ ಕೂತಿದ್ದರೂ "ಪೋಲೆ ನಾ ಕಾಜಿ". ತಪ್ಪು ಅವರದ್ದಲ್ಲ, ಆದರೂ ನಿಮ್ಮ ಕಷ್ಟ ಕಂಡೆ ಅನ್ನುವ ಮಾತು. ನಮ್ಮ "ಅಯ್ಯೋ ಪಾಪ"ಕ್ಕೆ ಹತ್ತಿರ, ಆದರೆ ಮುಖಕ್ಕೆ ಮುಖ ಕೊಟ್ಟು ಹೇಳುವುದು. ಈಗಲೂ ನನ್ನ ಬಾಯಿಂದ ಬಂದುಬಿಡುತ್ತದೆ, ಕಾರ್ಕಳದ ಬಸ್ಸಿನಲ್ಲಿ ಕಂಡಕ್ಟರ್ ಮುಖ ಮುಖ ನೋಡುತ್ತಾರೆ.

ಅಲ್ಲಿನ ಗಂಟೆ ಲೆಕ್ಕ ಬೇರೆಯಂತೆ, ನಿಜವೇ?

ನಿಜ. ಭಾರತಕ್ಕಿಂತ ಎರಡೂವರೆ ಗಂಟೆ ಹಿಂದೆ ಅನ್ನುವುದು ಒಂದು, ಅದು ಸುಲಭ. ಕಷ್ಟ ಇರುವುದು ಬೇರೆ ಕಡೆ. ಸ್ವಾಹಿಲಿಯಲ್ಲಿ ದಿನ ಶುರುವಾಗುವುದು ಸೂರ್ಯ ಹುಟ್ಟಿದಾಗ. ಬೆಳಿಗ್ಗೆ ನಮ್ಮ 7 ಗಂಟೆ ಅವರಿಗೆ "ಸಾ ಮೋಜಾ", ಅಂದರೆ ಒಂದು ಗಂಟೆ. ನಮ್ಮ 8 ಅವರ 2. ಸಮಭಾಜಕಕ್ಕೆ ಹತ್ತಿರದ ದೇಶ, ವರ್ಷಪೂರ್ತಿ ಹೆಚ್ಚುಕಡಿಮೆ 6ಕ್ಕೇ ಬೆಳಕಾಗುತ್ತದೆ, ಹಾಗಾಗಿ ಲೆಕ್ಕ ಸರಿಯಾಗಿ ಕೂರುತ್ತದೆ. ಪಂಚಾಂಗದಲ್ಲಿ ಸೂರ್ಯೋದಯದಿಂದ ಘಳಿಗೆ ಎಣಿಸುವುದಿಲ್ಲವೇ, ಅದೇ ಬುದ್ಧಿ.

ನನಗೆ ಇದು ಗೊತ್ತಿರಲಿಲ್ಲ. ವಿಮಾನದಲ್ಲಿ ಕೂತು ಮೋಜಾ, ಮ್ಬಿಲಿ, ತಾತು ಅಂತ ಒಂದರಿಂದ ಹತ್ತು ಬಾಯಿಪಾಠ ಮಾಡಿದ್ದೆ. ಮೊದಲ ಸೋಮವಾರ ಮೇಷ್ಟ್ರುಗಳ ಸಭೆ "ಸಾ ತಾತು" ಅಂದರು. ತಾತು ಅಂದರೆ ಮೂರು. ಮಧ್ಯಾಹ್ನ ಮೂರಕ್ಕೆ ಐದು ನಿಮಿಷ ಇರುವಾಗ ಇಸ್ತ್ರಿ ಮಾಡಿದ ಕಾಟನ್ ಸೀರೆ ಉಟ್ಟು, ಪುಸ್ತಕ ಹಿಡಿದು ಹೋದೆ. ಶಾಲೆಯಲ್ಲಿ ಕಾವಲುಗಾರ ಅಜ್ಜ ಒಬ್ಬರೇ ಇದ್ದರು. ಸಭೆ ಬೆಳಿಗ್ಗೆ 9ಕ್ಕೆ ಆಗಿ ಮುಗಿದಿತ್ತು. ನನ್ನನ್ನು ಪರಿಚಯಿಸಲಿಕ್ಕೇ ಕರೆದ ಸಭೆ ಅದು. ಅಜ್ಜ ನನ್ನ ವಾಚು ನೋಡಿದರು, ನನ್ನ ಮುಖ ನೋಡಿದರು, ಬೆಂಚಿನ ಮೇಲಿದ್ದ ಟೋಪಿ ತೆಗೆದು ಜಾಗ ಮಾಡಿ "ಪೋಲೆ" ಅಂದರು.

ಉಪಾಯ ಹೇಳುತ್ತೇನೆ: ಗಡಿಯಾರದ ಚಿಕ್ಕ ಮುಳ್ಳು ಎಲ್ಲಿದೆಯೋ ಅದರ ನೇರ ಎದುರಿನ ಅಂಕಿ ಓದಿ, ಅದೇ ಸ್ವಾಹಿಲಿ ಗಂಟೆ. ಬಸ್ಸಿನವರು "ಬೆಳಿಗ್ಗೆ 12" ಅಂದರೆ 6 ಗಂಟೆ ಅಂತ ಅರ್ಥ, 12ಕ್ಕೆ ಹೋದರೆ ಬಸ್ಸು ಅರ್ಧ ದಾರಿ ದಾಟಿರುತ್ತದೆ.

ಊಟಕ್ಕೆ ಏನು ಮಾಡುವುದು? ನಾವು ಸಸ್ಯಾಹಾರಿಗಳು.

ಈ ಪ್ರಶ್ನೆ ಜಾಸ್ತಿ ಬರುತ್ತದೆ, ಭಯ ಬೇಡ. ಒಂದೇ ತೊಂದರೆ: ಮಾಂಸ ತಿನ್ನುವುದಿಲ್ಲ ಅಂದರೆ "ಸರಿ, ಹಾಗಾದರೆ ಕೋಳಿ?" ಅನ್ನುತ್ತಾರೆ. ಕೋಳಿಯೂ ಬೇಡ ಅಂದರೆ ಮೀನು. ಮೂರನ್ನೂ ಬಿಡಿಸಿ ಹೇಳಬೇಕು.

ನಿತ್ಯದ ಊಟ ಉಗಾಲಿ. ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಮುದ್ದೆ. ಕೈಯಲ್ಲಿ ಸ್ವಲ್ಪ ಮುರಿದು, ಉಂಡೆ ಮಾಡಿ, ಹೆಬ್ಬೆರಳಲ್ಲಿ ಒಂದು ಗುಳಿ ಒತ್ತಿ ಅದರಲ್ಲಿ ಪಲ್ಯ ಎತ್ತಿ ತಿನ್ನುವುದು. ನಾನು ಕರಾವಳಿಯವಳು, ಮುದ್ದೆ ಅಭ್ಯಾಸ ಇಲ್ಲ, ಒದ್ದಾಡಿದೆ. ಮಂಡ್ಯ, ಹಾಸನದ ಕಡೆಯವರು ಹೋದರೆ ಮೊದಲ ದಿನವೇ ಗೆದ್ದರು. ಜೊತೆಗೆ ಬೇಯಿಸಿದ ಹುರುಳಿಕಾಯಿ ಜಾತಿಯ ದೊಡ್ಡ ಕಾಳು, ಅದಕ್ಕೆ ಮಹರಾಗೆ ಅನ್ನುತ್ತಾರೆ. ಮ್ಚಿಚಾ ಅಂದರೆ ನಮ್ಮ ಹರಿವೆ ಸೊಪ್ಪು. ಮರಗೆಣಸಿನ ಸೊಪ್ಪು, ಬೆಂಡೆಕಾಯಿ, ಅಲಸಂದೆ, ಹೆಸರುಕಾಳು, ಎಲ್ಲ ಇವೆ. ಬೆಳಿಗ್ಗೆ ರಾಗಿ ಗಂಜಿ ಸಿಗುತ್ತದೆ, ರಾಗಿಗೆ ಉಲೇಜಿ ಅಂತ ಹೆಸರು. ರಾಗಿಯನ್ನು ನಮ್ಮದೇ ಅಂತ ಹೆಮ್ಮೆಪಡುತ್ತೇವೆ, ಅದರ ತವರು ಪೂರ್ವ ಆಫ್ರಿಕಾದ ಎತ್ತರದ ಸೀಮೆ. ಸಾವಿರಾರು ವರ್ಷದ ಹಿಂದೆ ನಮ್ಮಲ್ಲಿಗೆ ಬಂದು ಸಂಸಾರ ಹೂಡಿದೆ.

ಕರಾವಳಿಯ ಊಟ ಇನ್ನೂ ಹತ್ತಿರ. ಲಿಂಡಿಯಲ್ಲಿ ಅನ್ನಕ್ಕೂ ತೆಂಗಿನ ಹಾಲು, ತೊಗರಿಗೂ ತೆಂಗಿನ ಹಾಲು. ಪಕ್ಕದ ಮನೆಯ ಮಾಮಾ ಒಂದು ಭಾನುವಾರ ನನ್ನನ್ನು ಅಡುಗೆಮನೆಗೆ ಕರೆದು "ಇದರ ಹೆಸರು ಗೊತ್ತಾ?" ಅಂತ ತೋರಿಸಿದರು. ಮಡಚುವ ಮರದ ಮಣೆ, ತುದಿಗೆ ಹಲ್ಲಿರುವ ಕಬ್ಬಿಣದ ನಾಲಿಗೆ. ಕೂತು ತೆಂಗಿನಕಾಯಿ ತುರಿಯುವುದು. ನಮ್ಮ ತುರಿಮಣೆ! ಅವರಲ್ಲಿ ಅದರ ಹೆಸರು ಮ್ಬುಜಿ, ಅಂದರೆ ಆಡು. ಆಡಿನ ಮೇಲೆ ಕೂತ ಹಾಗೆ ಕಾಣುತ್ತದೆ ಅಂತ ಇರಬಹುದು. ನಾನು ಮಾತಾಡದೆ ಕೂತು ಒಂದು ಕಡಿ ಕಾಯಿಯನ್ನು ಕಪ್ಪು ಸಿಪ್ಪೆ ಬರದ ಹಾಗೆ ತುರಿದುಕೊಟ್ಟೆ. ಅಲ್ಲಿಯವರೆಗೆ ನಾನು ಒಲೆ ಹಚ್ಚಲು ಬಾರದ, ಇದ್ದಿಲು ಕೊಳ್ಳಲು ಬಾರದ ಅತಿಥಿ. ಆ ದಿನ ಮೊದಲ ಸಲ ಅವರು ನನ್ನ ಕೈ ನೋಡಿ ತಲೆಯಾಡಿಸಿದರು.

ತೊಗರಿಯ ಮಾತು ಬಂತಲ್ಲ. ಅಲ್ಲಿನ ರೈತರು ತೊಗರಿ ಬೆಳೆಯುವುದೇ ಬಹುಮಟ್ಟಿಗೆ ಭಾರತಕ್ಕೆ ಮಾರಲು. 2017ರಲ್ಲಿ ನಮ್ಮ ಸರ್ಕಾರ ತೊಗರಿ ಆಮದಿಗೆ ಮಿತಿ ಹಾಕಿದಾಗ ಅಲ್ಲಿ ಬೆಲೆ ನೆಲಕಚ್ಚಿತು. ಕಲಬುರಗಿಯ ರೈತನಿಗೆ ಬೆಲೆ ಸಿಗಲಿ ಅನ್ನುವುದೂ ನ್ಯಾಯ, ಆದರೆ ಲಿಂಡಿಯಲ್ಲಿ ಅದೇ ಕಾಳಿನ ಮೂಟೆ ಮೇಲೆ ಕೂತವರು "ನಿಮ್ಮವರು ಯಾಕೆ ತಿನ್ನುವುದು ಬಿಟ್ಟರು?" ಅಂತ ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ.

ಮನೆ, ನೀರು, ಕರೆಂಟು?

ಬಾಡಿಗೆ ಆರು ತಿಂಗಳಿಂದ ಒಂದು ವರ್ಷದ್ದು ಒಟ್ಟಿಗೆ ಮುಂಗಡ ಕೇಳುತ್ತಾರೆ. ಕರೆಂಟಿಗೆ ಮೊದಲೇ ದುಡ್ಡು ಕಟ್ಟುವ ಮೀಟರು: ಫೋನಿನಲ್ಲಿ ಕಟ್ಟಿದರೆ 20 ಅಂಕಿ ಬರುತ್ತದೆ, ಅದನ್ನು ಮೀಟರಿನಲ್ಲಿ ಒತ್ತಬೇಕು. ಕತ್ತಲಲ್ಲಿ, ಟಾರ್ಚ್ ಹಲ್ಲಲ್ಲಿ ಕಚ್ಚಿಕೊಂಡು, 17ನೇ ಅಂಕಿ ತಪ್ಪು ಒತ್ತುವ ಸುಖ ನಿಮಗೂ ಸಿಗಲಿ. ನೀರಿಗೆ ಟ್ಯಾಂಕು, ಬಕೆಟ್ಟು, ಚೊಂಬು. ನಮಗೇನು ಹೊಸದಲ್ಲ. ಯುರೋಪಿನಿಂದ ಬಂದ ಸ್ವಯಂಸೇವಕರಿಗೆ ಒಂದು ಬಕೆಟ್ಟಿನಲ್ಲಿ ತಲೆಸ್ನಾನ ಮಾಡುವುದು ಹೇಗೆ ಅಂತ ನಾನೇ ಹೇಳಿಕೊಟ್ಟೆ.

ಪ್ಲಗ್ಗಿನ ತೂತು ಬ್ರಿಟಿಷ್ ಮಾದರಿ, ಚೌಕದ ಮೂರು ಕಾಲು. ಅಡಾಪ್ಟರ್ ಎರಡು ಇಟ್ಟುಕೊಳ್ಳಿ.

ದುಡ್ಡಿನ ವ್ಯವಹಾರ?

ಎಲ್ಲ ಮೊಬೈಲಿನಲ್ಲಿ. ನಮ್ಮಲ್ಲಿ ಯುಪಿಐ ಬರುವ ಎಷ್ಟೋ ವರ್ಷ ಮೊದಲೇ ಅಲ್ಲಿ ಎಂ-ಪೆಸಾ ಬಂದಿತ್ತು, 2008ರಲ್ಲಿ. ಸೊಪ್ಪು ಮಾರುವವರಿಗೂ ಕಳಿಸಬಹುದು, ಆದರೆ ಕಳಿಸುವಾಗ ಶುಲ್ಕ ಕತ್ತರಿಸುತ್ತಾರೆ, ನಮ್ಮ ಹಾಗೆ ಪುಕ್ಕಟೆ ಅಲ್ಲ. ಅಲ್ಲಿನ ಅತಿ ದೊಡ್ಡ ನೋಟು 10,000 ಶಿಲ್ಲಿಂಗಿನದ್ದು. ಸೊನ್ನೆ ನೋಡಿ ಮೊದಲ ತಿಂಗಳು ತಲೆ ತಿರುಗುತ್ತದೆ, ಎರಡನೇ ತಿಂಗಳಲ್ಲಿ ಭತ್ಯೆ ಖಾಲಿಯಾದಾಗ ಸರಿಹೋಗುತ್ತದೆ.

ಮಲೇರಿಯಾ ಬರುತ್ತದೆಯೇ?

ಬರಬಹುದು. ಸೊಳ್ಳೆಪರದೆ ಒಳಗೇ ಮಲಗಿ, ದಿನಾ. ಡಾಕ್ಟರು ಬರೆದುಕೊಟ್ಟ ತಡೆ ಮಾತ್ರೆ ತಪ್ಪಿಸಬೇಡಿ. ಜ್ವರ ಬಂದರೆ ಅದೇ ದಿನ ರಕ್ತ ಪರೀಕ್ಷೆ, ಕ್ರೋಸಿನ್ ನುಂಗಿ ನಾಳೆ ನೋಡೋಣ ಅನ್ನುವ ನಮ್ಮ ಚಾಳಿ ಅಲ್ಲಿ ಬೇಡ. ಅಲ್ಲಿನ ಮಲೇರಿಯಾ ಹೆಚ್ಚಾಗಿ ಫಾಲ್ಸಿಪಾರಂ ಜಾತಿಯದ್ದು, ತಡಮಾಡಿದರೆ ಪ್ರಾಣಕ್ಕೇ ಬರುತ್ತದೆ. ನನಗೆ ಒಮ್ಮೆ ಬಂತು. ಒಂದು ಚಿಕ್ಕ ಕ್ಲಿನಿಕ್ಕಿನಲ್ಲಿ ಮೊದಲ ಸಲ ಪರೀಕ್ಷೆ ಮಾಡದೆಯೇ "ಸುಸ್ತು ಅಷ್ಟೇ" ಅಂತ ಕಳಿಸಿದರು. ಪಕ್ಕದ ಮನೆಯ ಮಾಮಾ ನನ್ನ ಹಣೆ ಮುಟ್ಟಿ, ಒಂದು ಮಾತೂ ಆಡದೆ ಬಜಾಜಿ ಕರೆಸಿ ಬೇರೆ ಕಡೆ ಕರೆದುಕೊಂಡು ಹೋದರು. ಮೂರು ದಿನದ ಮಾತ್ರೆ, ಒಂದು ವಾರದ ನಿಶ್ಶಕ್ತಿ. ಆ ವಾರ ಗಂಜಿ ಬೇಯಿಸಿ ಕೊಟ್ಟವರೂ ಅವರೇ. ವಾಪಸ್ ಬಂದು ವರ್ಷದೊಳಗೆ ಜ್ವರ ಬಂದರೂ ಇಲ್ಲಿನ ಡಾಕ್ಟರಿಗೆ "ಆಫ್ರಿಕಾದಲ್ಲಿದ್ದೆ" ಅಂತ ಹೇಳಲೇಬೇಕು.

ಒಂಟಿ ಹೆಣ್ಣಿಗೆ ಸುರಕ್ಷಿತವೇ?

ಕತ್ತಲಾದ ಮೇಲೆ ಒಬ್ಬಳೇ ನಡೆದು ಹೋಗುತ್ತಿರಲಿಲ್ಲ, ಗುರುತಿನ ಬಜಾಜಿಯವನ ನಂಬರ್ ಇತ್ತು. ಬೋಡಾ ಬೋಡಾ ಅಂತ ಬೈಕ್ ಟ್ಯಾಕ್ಸಿ ಇವೆ, ಹೆಲ್ಮೆಟ್ ಇಲ್ಲದೆ ಹತ್ತಬೇಡಿ. ಲಿಂಡಿಯಲ್ಲಿ ಹೆಚ್ಚಿನವರು ಮುಸ್ಲಿಮರು, ಭುಜ ಮೊಣಕಾಲು ಮುಚ್ಚುವ ಬಟ್ಟೆ ಹಾಕಿದರೆ ಸಾಕು. ಚೂಡಿದಾರ ಚೆನ್ನಾಗಿ ಹೊಂದುತ್ತದೆ.

ಅದಕ್ಕಿಂತ ದಿನನಿತ್ಯ ಎದುರಾಗುವುದು ಈ ಪ್ರಶ್ನೆ: "ಮದುವೆ ಆಗಿದೆಯಾ?" ಇದಕ್ಕೆ "ಇಲ್ಲ" ಅನ್ನಬಾರದು. "ಬಾಡೊ" ಅನ್ನಬೇಕು. ಇನ್ನೂ ಆಗಿಲ್ಲ ಅಂತ. ಮಕ್ಕಳು? ಬಾಡೊ. 34 ವರ್ಷದ ನನಗೂ ಬಾಡೊ, ಪಕ್ಕದಲ್ಲಿದ್ದ 60ರ ಒಂಟಿ ನರ್ಸಮ್ಮನಿಗೂ ಬಾಡೊ. ಮಾತು ಅಲ್ಲಿಗೇ ಮುಗಿಯುತ್ತದೆ, ಯಾರಿಗೂ ಬೇಜಾರಿಲ್ಲ. ಊರಿನ ಮದುವೆಮನೆಗಳಲ್ಲಿ ಇಂಥದ್ದೊಂದು ಪದ ಇದ್ದಿದ್ದರೆ ನನ್ನ ಅರ್ಧ ಜೀವ ಉಳಿಯುತ್ತಿತ್ತು.

ಭಾರತದವರನ್ನು ಹೇಗೆ ನೋಡುತ್ತಾರೆ?

ಮುಹಿಂದಿ ಅಂತ ಕರೆಯುತ್ತಾರೆ. ಅಂದರೆ ಹಿಂದೂಸ್ತಾನದವರು, ಆದರೆ ಕಣ್ಣ ಮುಂದೆ ಬರುವ ಚಿತ್ರ ಗಲ್ಲಾಪೆಟ್ಟಿಗೆ ಮೇಲೆ ಕೂತ ಗುಜರಾತಿ ಸಾಹುಕಾರನದ್ದು. ತಲೆಮಾರುಗಳಿಂದ ಅಲ್ಲಿ ವ್ಯಾಪಾರ ಅವರ ಕೈಲಿತ್ತು. 1971ರಲ್ಲಿ ಅಲ್ಲಿನ ಸರ್ಕಾರ ಬಾಡಿಗೆ ಕಟ್ಟಡಗಳನ್ನು ವಶಕ್ಕೆ ತೆಗೆದುಕೊಂಡಾಗ ಎಷ್ಟೋ ಕುಟುಂಬ ದೇಶ ಬಿಟ್ಟವು. ಹಾಗಾಗಿ ನೀವು ಹೋದ ಕೂಡಲೇ "ಅಂಗಡಿ ಎಲ್ಲಿ?" ಅಂತ ಕೇಳುತ್ತಾರೆ. ಅಂಗಡಿ ಇಲ್ಲ, ಮೇಷ್ಟ್ರು ಅಂದರೆ ನಂಬಲು ಸ್ವಲ್ಪ ದಿನ ಬೇಕು. ನಂಬಿದ ಮೇಲೆ ಮರ್ಯಾದೆಯೇ ಬೇರೆ, ಅವರ ಮೊದಲ ಅಧ್ಯಕ್ಷ ಜೂಲಿಯಸ್ ನೈರೇರೆಯವರನ್ನು ಇವತ್ತಿಗೂ ಮ್ವಾಲಿಮು, ಅಂದರೆ ಮೇಷ್ಟ್ರು, ಅಂತಲೇ ಕರೆಯುವ ದೇಶ ಅದು.

ಇದರ ಇನ್ನೊಂದು ಮುಖವನ್ನೂ ಹೇಳಿಬಿಡುತ್ತೇನೆ. ಸ್ಟಾಫ್ ರೂಮಿನಲ್ಲಿ ಒಬ್ಬರು ಟೀ ಕುಡಿಯುತ್ತಾ "ನೀವು ಬೆಂಗಳೂರಿನ ಕಡೆಯವರಾ?" ಅಂತ ಕೇಳಿದರು. ಹೌದು, ಅದೇ ರಾಜ್ಯ ಅಂದೆ. "ಅಲ್ಲಿ ನಮ್ಮ ಹುಡುಗಿಯನ್ನು ಹೊಡೆದಿದ್ದರಲ್ಲ" ಅಂದರು. 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನಲ್ಲಿ ಗುಂಪೊಂದು ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಹಲ್ಲೆ ಮಾಡಿ ಕಾರು ಸುಟ್ಟಿತ್ತು. ಬೇರೆ ಯಾರೋ ಮಾಡಿದ ಅಪಘಾತದ ಸಿಟ್ಟು ಅವಳ ಮೇಲೆ. ನಮಗೆ ಮರೆತುಹೋಗಿದೆ, ಅವರಿಗೆ ಇಲ್ಲ. ಬೈಯಲು ಕೇಳಿದ್ದಲ್ಲ, ತಿಳಿದುಕೊಳ್ಳಲು ಕೇಳಿದ್ದು. ಸಮರ್ಥನೆ ಕೊಡಲು ಹೋಗಬೇಡಿ. ನಾನು "ಪೋಲೆ" ಅಂದೆ, ಆ ಪದ ಅಲ್ಲಿ ಸಾಲಲಿಲ್ಲ.

ನಿಜ ಹೇಳಿ, ನಿಮ್ಮಿಂದ ಅವರಿಗೆ ಉಪಯೋಗ ಆಯಿತಾ?

ಮೊದಲ ಆರು ತಿಂಗಳು ಇಲ್ಲ. ಆ ಆರು ತಿಂಗಳು ಅವರು ನನಗೆ ಸಹಾಯ ಮಾಡಿದರು, ಲೆಕ್ಕ ಅಷ್ಟೇ. ಯಾರು ಹೋದರೂ ಹೀಗೇ ಆಗುತ್ತದೆ, ಅದಕ್ಕೆ ನಾಚಿಕೆ ಬೇಡ. ಆದರೆ ಅದನ್ನು ಒಪ್ಪಿಕೊಳ್ಳದೆ ಬಂದ ತಿಂಗಳಲ್ಲೇ ಎಲ್ಲ ಬದಲಾಯಿಸಲು ಹೊರಡುವವರ ಕಾಟ ಸಹಿಸಲು ಆಗುವುದಿಲ್ಲ.

ನಾನೂ ಹೊರಟಿದ್ದೆ. ಕಡಿಮೆ ಖರ್ಚಿನ ಪಾಠೋಪಕರಣ ಅಂತ ಲ್ಯಾಪ್‌ಟಾಪಿನಲ್ಲಿ ಮೂವತ್ತು ಚಿತ್ರ ಮಾಡಿಕೊಂಡು ಹೋದೆ. ಐದನೇ ಚಿತ್ರಕ್ಕೆ ಕರೆಂಟು ಹೋಯಿತು. ಆರನೆಯದ್ದು ಆಸ್ಮಾಸಿಸ್ ಪ್ರಯೋಗ, ಅಂದರೆ ಉಪ್ಪಿರುವ ಕಡೆಗೆ ನೀರು ತಾನಾಗಿ ಹರಿಯುವುದನ್ನು ತೋರಿಸುವುದು, ಆಲೂಗಡ್ಡೆ ಕೊರೆದು ಉಪ್ಪು ಹಾಕಿ ನೀರಲ್ಲಿಡುವುದು, ಊರಲ್ಲಿ 11 ವರ್ಷ ಮಾಡಿಸಿದ್ದು. ಅಲ್ಲಿನ ಜೀವಶಾಸ್ತ್ರದ ಮೇಷ್ಟ್ರು ಎದ್ದು ಹೊರಗೆ ಹೋಗಿ ಶಾಲೆಯ ಹಿಂದಿನ ಮರದಿಂದ ಎಳೆ ಪಪಾಯಿ ಕಿತ್ತು ತಂದರು. ಸಿಪ್ಪೆ ಹೆರೆದು, ಗುಳಿ ಮಾಡಿ, ಉಪ್ಪು ಹಾಕಿ ತಟ್ಟೆಯ ನೀರಲ್ಲಿಟ್ಟು "ಇಲ್ಲಿ ಆಲೂಗಡ್ಡೆ ದುಬಾರಿ, ಟೀಚರ್" ಅಂದರು. ಟೀ ಮುಗಿಯುವಷ್ಟರಲ್ಲಿ ಗುಳಿಯಲ್ಲಿ ನೀರು ತುಂಬಿತ್ತು. ಕಡಿಮೆ ಖರ್ಚು ಅನ್ನುವುದನ್ನು ನಾನು ಅವರಿಗೆ ಕಲಿಸಲು ಹೊರಟಿದ್ದೆ!

ಲಿಂಡಿ ಪ್ರಾಂತ್ಯದಲ್ಲೇ ನಾಚಿಂಗ್ವೆಯಾ ಅಂತ ಊರಿದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಬ್ರಿಟಿಷರು ಅಲ್ಲಿ ಮತ್ತು ಇನ್ನೆರಡು ಕಡೆ ಲಕ್ಷಾಂತರ ಎಕರೆ ಶೇಂಗಾ ಬೆಳೆಯಲು ಹೊರಟರು. ಟ್ರ್ಯಾಕ್ಟರು, ರೈಲು ದಾರಿ, ಬಂದರು, ಎಲ್ಲ ತಂದರು. ಮಳೆ ಎಷ್ಟು, ಮಣ್ಣು ಎಂಥದ್ದು ಅಂತ ಅಲ್ಲಿ ಬೇಸಾಯ ಮಾಡುವವರನ್ನು ಸರಿಯಾಗಿ ಕೇಳಲಿಲ್ಲ. 1951ರಲ್ಲಿ ಕೋಟಿಗಟ್ಟಲೆ ಪೌಂಡ್ ಮುಳುಗಿಸಿ ಕೈಬಿಟ್ಟರು. ಅಲ್ಲಿನ ಮೇಷ್ಟ್ರುಗಳಿಗೆ ಈ ಕಥೆ ಚೆನ್ನಾಗಿ ಗೊತ್ತು. ಹೊಸ ಯೋಜನೆ ಹಿಡಿದು ಯಾರಾದರೂ ಬಂದರೆ "ಕರಂಗಾ" ಅಂತ ಪಿಸುಗುಟ್ಟಿ ನಗುತ್ತಿದ್ದರು. ಕರಂಗಾ ಅಂದರೆ ಶೇಂಗಾ.

ಕೊನೆಗೆ ಉಪಯೋಗಕ್ಕೆ ಬಂದದ್ದು ನಾನು ಅಂದುಕೊಳ್ಳದೇ ಇದ್ದ ಒಂದು ವಿಷಯ. ಅಲ್ಲಿ ಸರ್ಕಾರಿ ಶಾಲೆಯಲ್ಲಿ ಏಳನೇ ತರಗತಿವರೆಗೆ ಎಲ್ಲ ಸ್ವಾಹಿಲಿಯಲ್ಲಿ. ಫಾರಂ ಒಂದಕ್ಕೆ, ಅಂದರೆ ಹೈಸ್ಕೂಲಿಗೆ, ಹೋದ ಕೂಡಲೇ ಎಲ್ಲ ಇಂಗ್ಲಿಷ್. ಮಕ್ಕಳು ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತಾರೆ. ನನಗೆ ಅದು ಹೊಸದಲ್ಲ, ನಾನು ಎಸ್‌ಎಸ್‌ಎಲ್‌ಸಿವರೆಗೆ ಕನ್ನಡ ಮೀಡಿಯಂ. ಪಿಯುಸಿಯಲ್ಲಿ ಒಂದು ತಿಂಗಳು ಫೋಟೊಸಿಂಥೆಸಿಸ್ ಅಂತ ಕೇಳಿಸಿಕೊಂಡು ಬರೆದುಕೊಂಡೆ, ಅದು ನನಗೆ ಚೆನ್ನಾಗಿ ಗೊತ್ತಿರುವ ದ್ಯುತಿಸಂಶ್ಲೇಷಣೆಯೇ ಅಂತ ಗೊತ್ತಾಗಲಿಲ್ಲ. ಸ್ವಾಹಿಲಿಯಲ್ಲಿ ಅದಕ್ಕೆ ಉಸನಿಸಿನುರು ಅನ್ನುತ್ತಾರೆ. ನುರು ಅಂದರೆ ಬೆಳಕು, ಸನಿಸಿ ಅಂದರೆ ಕೂಡಿಸಿ ಮಾಡು. ನಮ್ಮ ಪದದ ಹಾಗೇ ಕಟ್ಟಿದ್ದಾರೆ! ಮೇಷ್ಟ್ರುಗಳ ಜೊತೆ ಕೂತು ಎರಡು ಭಾಷೆಯ ಪದಪಟ್ಟಿ ಮಾಡಿದೆವು. ಮೊದಲು ಸ್ವಾಹಿಲಿಯಲ್ಲಿ ಜಗಳವಾಡಲಿ, ಆಮೇಲೆ ಇಂಗ್ಲಿಷಿನಲ್ಲಿ ಬರೆಯಲಿ ಅಂತ ಬಿಟ್ಟೆವು. ತರಗತಿಯಲ್ಲಿ ಗಲಾಟೆ ಶುರುವಾಯಿತು. ಮೌನಕ್ಕಿಂತ ಅದೇ ವಾಸಿ.

ಮನೆ ನೆನಪಾದರೆ?

ಆಗುತ್ತದೆ. ನನಗೆ ನಾಲ್ಕನೇ ತಿಂಗಳಲ್ಲಿ ಜೋರಾಗಿ ಬಂತು, ದೀಪಾವಳಿ ದಿನ. ಮೊದಲ ಮೂರು ತಿಂಗಳು ಎಲ್ಲ ಹೊಸದು, ನೆನಪಾಗಲು ಪುರುಸೊತ್ತಿಲ್ಲ. ದಿನಾ ವಿಡಿಯೊ ಕಾಲ್ ಮಾಡಬೇಡಿ, ನನ್ನ ಅನುಭವದಲ್ಲಿ ಅದರಿಂದ ಜಾಸ್ತಿ ಆಗುತ್ತದೆ. ಭಾನುವಾರಕ್ಕೊಂದು ಅಂತ ಇಟ್ಟುಕೊಂಡೆ. 2024ರ ಮೇ ತಿಂಗಳಲ್ಲಂತೂ ಅದಕ್ಕೂ ಕಲ್ಲು ಬಿತ್ತು: ಮೊದಲು ಹಿದಾಯಾ ಚಂಡಮಾರುತ ಬಂದು ದಾರ್‌ಗೆ ಹೋಗುವ ರಸ್ತೆ ಕಿಲ್ವಾ ಕಡೆ ಕಡಿದುಹೋಯಿತು, ಮುಂದಿನ ವಾರ ಸಮುದ್ರದಡಿಯ ಕೇಬಲ್ ತುಂಡಾಗಿ ಇಂಟರ್ನೆಟ್ ಹೋಯಿತು. ಅಮ್ಮನಿಗೆ ಒಂದು ಮಾಮೂಲಿ ಫೋನ್ ಕಾಲ್ ಮಾಡಿ "ಬದುಕಿದ್ದೇನೆ" ಅಂದೆ. "ಊಟ ಆಯ್ತಾ?" ಅಂದರು.

ಅರ್ಧಕ್ಕೇ ಬಿಟ್ಟು ಬಂದರೆ ತಪ್ಪಾ?

ತಪ್ಪಲ್ಲ. ನನ್ನ ಜೊತೆ ಬಂದ ಒಬ್ಬರು ಐದನೇ ತಿಂಗಳಲ್ಲಿ ಹೊರಟರು. ಮೊದಲೇ ಹೇಳಿ, ಕೆಲಸ ಒಪ್ಪಿಸಿ, ಎಲ್ಲರಿಗೂ ಟಾಟಾ ಹೇಳಿ ಹೋದರು. ಬೇಕೋ ಬೇಡವೋ ಅನ್ನುವ ಮುಖ ಹೊತ್ತುಕೊಂಡು ಎರಡು ವರ್ಷ ಕೂತವರಿಗಿಂತ ಅದು ಎಷ್ಟೋ ವಾಸಿ.

ವಾಪಸ್ ಬಂದ ಮೇಲೆ?

ಹೋಗುವುದಕ್ಕಿಂತ ಬರುವುದು ಕಷ್ಟ, ಇದನ್ನು ಯಾರೂ ಹೇಳುವುದಿಲ್ಲ. ಎಲ್ಲರೂ "ಹೇಗಿತ್ತು ಆಫ್ರಿಕಾ?" ಅಂತ ಕೇಳುತ್ತಾರೆ, ಉತ್ತರ ಶುರು ಮಾಡುವಷ್ಟರಲ್ಲಿ ಸೀರಿಯಲ್ ಶುರುವಾಗುತ್ತದೆ.

ನನ್ನ ದೊಡ್ಡಮ್ಮ ಗೇರುಬೀಜ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಸಿಪ್ಪೆ ಬಿಡಿಸಿದವರು. ನಮ್ಮ ಗೇರು ಫಸಲು ಬೇಸಿಗೆಗೆ ಮುಗಿಯುತ್ತದೆ. ಲಿಂಡಿ, ಮ್ಟ್ವಾರಾ ಕಡೆ ಅಕ್ಟೋಬರಿನಿಂದ ಶುರು. ಹಾಗಾಗಿ ಇಲ್ಲಿ ಖಾಲಿ ಇರುವಾಗ ಅಲ್ಲಿಂದ ಹಡಗಿನಲ್ಲಿ ಹಸಿ ಬೀಜ ಬರುತ್ತದೆ. ದೊಡ್ಡಮ್ಮನಿಗೆ ನನ್ನ ಪ್ರವಾಸದ ಕಥೆ ಯಾವುದೂ ಬೇಕಿರಲಿಲ್ಲ. "ಆ ಬೀಜ ಕೊಯ್ಯುವವರನ್ನು ನೋಡಿದ್ದೀಯಾ?" ಅಂದರು. ನೋಡಿದ್ದೇನೆ, ಬಿದ್ದ ಹಣ್ಣು ಹೆಕ್ಕಿ ಬೀಜ ತಿರುವಿ ತೆಗೆಯುತ್ತಾರೆ, ಹೆಂಗಸರೇ ಜಾಸ್ತಿ ಅಂದೆ. ಮಾಮಾ ಕೊಟ್ಟ ಕಾಂಗಾ ಬಟ್ಟೆ ತೋರಿಸಿದೆ. ಅದರ ಅಂಚಿನಲ್ಲಿ ಒಂದು ಗಾದೆ ಅಚ್ಚಾಗಿರುತ್ತದೆ, ನನ್ನದರಲ್ಲಿ "ಹಾಬಾ ನಾ ಹಾಬಾ ಹುಜಾಜಾ ಕಿಬಾಬಾ", ಚೂರು ಚೂರೇ ಕೂಡಿ ಸೇರು ತುಂಬುತ್ತದೆ ಅಂತ. ದೊಡ್ಡಮ್ಮ ಬಟ್ಟೆ ಎತ್ತಿ ಬೆಳಕಿಗೆ ಹಿಡಿದು ನೋಡಿ "ಬಣ್ಣ ಬಿಡುವುದಿಲ್ಲ ಅಲ್ವಾ?" ಅಂದರು. ಸೇರಿನ ಲೆಕ್ಕ ಅವರಿಗೆ ಹೇಳಬೇಕಾಗಿಲ್ಲ, ಕಿಲೋ ಲೆಕ್ಕದಲ್ಲಿ ಕೂಲಿ ತೆಗೆದುಕೊಂಡವರು.

ಕುಕ್ಕರ್, ಇಡ್ಲಿ ತಟ್ಟೆ ತೆಗೆದುಕೊಂಡು ಹೋಗಬೇಕಾ?

ಕುಕ್ಕರ್ ಬೇಕೇ ಬೇಕು, ಮಹರಾಗೆ ಬೇಯಿಸಲು ಇದ್ದಿಲು ಎಷ್ಟು ಸುಟ್ಟರೂ ಸಾಲದು. ಇಡ್ಲಿ ತಟ್ಟೆ ನಿಮ್ಮಿಷ್ಟ, ಉದ್ದಿನಬೇಳೆ ದಾರ್‌ನ ಕಿಸುಟು ಕಡೆಯ ಅಂಗಡಿಗಳಲ್ಲಿ ಸಿಗುತ್ತದೆ, ಲಿಂಡಿಯಿಂದ ಎಂಟು ಗಂಟೆ ಬಸ್ಸು. ಗ್ಯಾಸ್ಕೆಟ್ ಮಾತ್ರ ಮೂರು ಇಟ್ಟುಕೊಳ್ಳಿ. ನನ್ನದು ಏಳನೇ ತಿಂಗಳಿಗೆ ಹೋಯಿತು, ಸೈಕಲ್ ಟ್ಯೂಬ್ ಕತ್ತರಿಸಿ ಹಾಕಿ ನೋಡಿದೆ. ಆಗುವುದಿಲ್ಲ.